ಬೇಕರಿ ಒಲೆಗೆ ಅತ್ತೆಯ ಕಾವಲು

ಹೋದ ತಿಂಗಳು ಒಂದು ಸಂಜೆ ನಮ್ಮ ಅತ್ತೆ ಗುಂಡ್ಲುಪೇಟೆಯ ಬೇಕರಿಯೊಂದರ ಒಲೆಯ ಮುಂದೆ ಕಾವಲು ಕೂತಿದ್ದರು. ಕೈಯಲ್ಲಿ ದೊಣ್ಣೆಯೊಂದು ಇರಲಿಲ್ಲ, ಅಷ್ಟೇ.

ನಗಬೇಡಿ. ಕಾರಣ ಗಂಭೀರವಾದದ್ದೇ.

ಅತ್ತೆಯ ಬಾಯಲ್ಲಿ ಅಳಿದುಳಿದಿದ್ದ ಹಲ್ಲುಗಳನ್ನೆಲ್ಲ ಮೈಸೂರಿನ ಡಾಕ್ಟರು ದೀಪಾವಳಿ ಕಳೆದ ಮೇಲೆ ಕಿತ್ತರು. ಒಸಡು ಮಾಗಲಿ, ಆಮೇಲೆ ಸೆಟ್ ಕಟ್ಟೋಣ ಎಂದರು. ಅಂದಿನಿಂದ ಅತ್ತೆ ಬೇರೆಯೇ ಆಗಿಬಿಟ್ಟರು. ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವರು ಬಾಯಿಗೆ ಸೆರಗು ಹಿಡಿದರು. ಹೊಸಿಲು ದಾಟುವುದು ನಿಂತಿತು. ನಮ್ಮ ಜೊತೆ ಊಟಕ್ಕೂ ಕೂರುತ್ತಿರಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ಒಂದು ಲೋಟ ರಾಗಿ ಅಂಬಲಿ ಕುಡಿದರೆ ಮುಗಿಯಿತು.

ಮುದ್ದೆ ನುಂಗುವುದಕ್ಕೆ ಹಲ್ಲೇಕೆ? ಕೇಳಿಯೇ ಬಿಟ್ಟೆ.

"ಈ ಬಾಯ್ನ ಯಾರೂ ನೋಡದ್ ಬ್ಯಾಡ ಕಣಮ್ಮಿ" ಎಂದರು.

ಅವರ ರವಿಕೆಗಳು ಸಡಿಲವಾಗುತ್ತ ಬಂದವು. ನನಗೆ ನಿಜಕ್ಕೂ ದಿಗಿಲಾಯಿತು.

ಆಗ ಕಂಡಿದ್ದು ಟಿವಿಯ ಅಡುಗೆ ಕಾರ್ಯಕ್ರಮ. ಗಡ್ಡೆ ಗೆಣಸುಗಳನ್ನು ಬೇಕ್ ಮಾಡುತ್ತಿದ್ದರು. ಚಳಿಗೆ ಹೇಳಿ ಮಾಡಿಸಿದ್ದಂತೆ, ಬಾಯಿಗಿಟ್ಟರೆ ಕರಗುತ್ತದಂತೆ. ಚಳಿಗೇನು ನಮ್ಮಲ್ಲಿ ಬರವೇ? ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಕಿಟಕಿ ಸಂದಿಗೆಲ್ಲ ಹಳೇ ಬಟ್ಟೆ ತುರುಕಿದ್ದೆವು.

ಸಂತೆಯಿಂದ ಗೆಣಸು, ಆಲೂಗಡ್ಡೆ, ಬೀಟ್‌ರೂಟು, ಒಂದು ಹೋಳು ಸುವರ್ಣಗಡ್ಡೆ ತಂದೆ. (ಸುವರ್ಣಗಡ್ಡೆ ಹೆಚ್ಚಿದ ಕೈಯ ತುರಿಕೆಯ ಬಗ್ಗೆ ಇಲ್ಲಿ ಬೇಡ.) ಎಲ್ಲವನ್ನೂ ಅರೆಬೇಯಿಸಿ, ಬಿಲ್ಲೆ ಮಾಡಿ, ಟ್ರೇಯಲ್ಲಿ ಪದರ ಪದರವಾಗಿ ಜೋಡಿಸಿದೆ. ನಡುನಡುವೆ ಹಾಲಿನ ಕೆನೆ, ಬೆಣ್ಣೆ, ಬೆಳ್ಳುಳ್ಳಿ, ಮೆಣಸಿನ ಪುಡಿ. ಟಿವಿಯವರು ಹೇಳಿದ ಚೀಸ್ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಬ್ರೆಡ್ ಪುಡಿ ಉದುರಿಸಿದೆ. ಯಜಮಾನರು ಎಕ್ಸ್‌ಚೇಂಜ್ ಮೇಳದಲ್ಲಿ ತಂದಿದ್ದ ಹೊಸ ಓವನ್ನಿನಲ್ಲಿಟ್ಟು ಸ್ವಿಚ್ ಒತ್ತಿದೆ. ಕೆಂಪು ದೀಪ ಹತ್ತಿತು. ಹಾಗೇ ಆರಿತು.

ಲೋಡ್ ಶೆಡ್ಡಿಂಗ್!

ಬೀದಿಯ ಮೂಲೆಯಲ್ಲಿ ವಯನಾಡಿನಿಂದ ಬಂದ ಬಾಬು ಅವರ ಬೇಕರಿ ಇದೆ. ಎಲ್ಲರಿಗೂ ಅವರು ಬಾಬು ಚೇಟ, ಅಂದರೆ ಮಲಯಾಳದಲ್ಲಿ ಬಾಬು ಅಣ್ಣ. ಅವರದು ಸೌದೆ ಒಲೆ. ಟ್ರೇ ಹೊತ್ತು ಅಲ್ಲಿಗೇ ಓಡಿದೆ.

"ಕೊಡಿ ಅಕ್ಕ, ಬ್ರೆಡ್ ಈಗಷ್ಟೇ ತೆಗ್ದೆ. ಕಾವು ಸುಮ್ನೆ ಹೋಗ್ತಾ ಉಂಟು" ಎಂದು ಒಳಗಿಟ್ಟರು.

ಬರಿಗೈಯಲ್ಲಿ ಮನೆಗೆ ಬಂದವಳನ್ನು ಕಂಡು ಅತ್ತೆ ವಿಚಾರಿಸಿದರು. ಹೇಳಿದೆ. ಸೆರಗಿನೊಳಗಿಂದಲೇ ಗುಡುಗಿದರು. "ಮೊಟ್ಟೆ ಪಪ್ಸ್ ಮಾಡೋ ಒಲೆಗೆ ಇಟ್ಬುಟ್ಟು ಬಂದ್ಯಾ? ನಡಿ, ನೋಡನ!"

ನಮ್ಮ ಮನೆಯೊಳಕ್ಕೆ ಮೊಟ್ಟೆ ಬಂದದ್ದೇ ಇಲ್ಲ. ಅತ್ತೆ ಹೆಗಲಿಗೆ ಶಾಲು ಹೊದ್ದು ಹೊರಟೇ ಬಿಟ್ಟರು. ಹಲ್ಲು ಹೋದ ಮೇಲೆ ಮೊದಲ ಸಲ ಬೀದಿಗೆ! ನಾನು ಹಿಂದೆಯೇ ನಡೆದೆ.

ಚೇಟ ಬೇಸರ ಮಾಡಿಕೊಳ್ಳಲಿಲ್ಲ. "ನಿಮ್ಮ ಮನೆ ಅಡುಗೆ ಅಂತ ಗೊತ್ತು ಅಮ್ಮ. ಪಫ್ಸ್ ಎಲ್ಲಾ ಹೊರಗೇ ಇಟ್ಟಿದ್ದೀನಿ. ನಂಬಿಕೆ ಬಾರದಿದ್ರೆ ಇಲ್ಲೇ ಕೂತು ನೋಡಿ" ಎಂದು ಒಲೆಯ ಮುಂದೆ ಸ್ಟೂಲು ಹಾಕಿದರು. ಅತ್ತೆ ಕೂತೇಬಿಟ್ಟರು. (ಉದುರಿಸಿದ ಬ್ರೆಡ್ ಪುಡಿಯೂ ಇದೇ ಬೇಕರಿಯದು ಎನ್ನುವ ಧೈರ್ಯ ನನಗೆ ಬರಲಿಲ್ಲ.)

ಹೊರಗೆ ಕೊರೆಯುವ ಚಳಿ, ಎದುರಿಗೆ ಬೆಚ್ಚಗಿನ ಒಲೆ. ಸುಮ್ಮನೆ ಕೂರಲಾದೀತೇ? ಅತ್ತೆ ಅಂಗೈ ಚಾಚಿ ಕಾಯಿಸತೊಡಗಿದರು. ಎರಡೂ ಕೈ ಚಾಚಿದ ಮೇಲೆ ಸೆರಗು ಹಿಡಿಯುವವರು ಯಾರು? ಅದು ತಾನಾಗಿ ಜಾರಿತು. ಅವರಿಗೆ ಗೊತ್ತೇ ಆಗಲಿಲ್ಲ. ನಾನು ಗೋಡೆ ನೋಡುತ್ತ ನಿಂತೆ.

ಟ್ರೇ ಹೊರಗೆ ಬಂತು. ಮೇಲೆ ಹೊಂಬಣ್ಣ, ಅಂಚಿನಲ್ಲಿ ಬೀಟ್‌ರೂಟಿನ ಕೆಂಪು, ಕುದಿಯುವ ಕೆನೆ. ಬನ್ ಕೊಳ್ಳಲು ಬಂದವರೆಲ್ಲ ಸುತ್ತ ನಿಂತರು. ಚೇಟ ಒಂದು ದೊನ್ನೆಗೆ ಹಾಕಿ ಮೊದಲು ಅತ್ತೆಗೆ ಕೊಟ್ಟರು. ಅತ್ತೆ ಊದಿದರು, ಬಾಯಿಗಿಟ್ಟರು, ಎಲ್ಲರೆದುರೇ ಮೆದ್ದರು. ಅವರ ಬಾಯಿಯನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಟ್ರೇ ಮೇಲಿತ್ತು!

"ಉಪ್ಪು ಒಸಿ ಕಮ್ಮಿ ಕಣಮ್ಮಿ" ಎಂದರು, ಬೀದಿಗೆಲ್ಲ ಕೇಳುವಂತೆ. "ಇನ್ನೊಂಚೂರು ಹಾಕು. ಇವ್ರ್ಗೂ ಕೊಡು, ಯಾಕ್ ಸುಮ್ಕೆ ನಿಂತವ್ರೆ?"

ನನ್ನ ಕಣ್ಣು ತುಂಬಿತು. ಅಡುಗೆಗೆ ಹೆಸರಿಟ್ಟರೆ ಇಷ್ಟು ಖುಷಿಪಟ್ಟ ಸೊಸೆ ಬೇರೆ ಎಲ್ಲಾದರೂ ಇದ್ದಾಳೆಯೇ? ಅನುಮಾನಪಟ್ಟು ಬಂದವರಿಗೆ ಸ್ಟೂಲು ಹಾಕಿದ ಚೇಟನಿಗೆ ನಾನು ಋಣಿ. ಹೊತ್ತು ನೋಡಿ ಹೋದ ಕರೆಂಟಿಗೂ, ಜೀವಮಾನದಲ್ಲಿ ಮೊದಲ ಸಲ, ಥ್ಯಾಂಕ್ಸ್.

ಈಗ ಅತ್ತೆಗೆ ಹಲ್ಲಿನ ಸೆಟ್ ಬಂದಿದೆ. ಮದುವೆ ಮುಂಜಿಗೆಲ್ಲ ಹಾಕಿಕೊಳ್ಳುತ್ತಾರೆ. ನಿನ್ನೆ ಸಂಜೆ ಬೇಕರಿಗೆ ಹೊರಟಾಗ ನೋಡಿದರೆ ಸೆಟ್ ಡಬ್ಬಿಯಲ್ಲೇ ಇದೆ. ಮರೆತಿರಾ ಎಂದೆ.

"ಚೇಟನ ಅಂಗ್ಡಿಗ್ ಹೋಗಕೆ ಅದ್ಯಾಕಮ್ಮಿ?" ಎಂದು ಬೊಚ್ಚುಬಾಯಿ ತುಂಬ ನಕ್ಕರು.

ಹಲ್ಲಿನ ಸೆಟ್ ಮನೆಯಲ್ಲೇ ಬಿಟ್ಟು ಹೋಗಬಹುದಾದ ಅಂಗಡಿಯೊಂದು ನಿಮ್ಮ ಬೀದಿಯಲ್ಲೂ ಇದೆ ತಾನೇ?