ಖಾಲಿ ಕ್ರೇಟಿನಲ್ಲಿ ಹೋದ ಬೆಕ್ಕುಗಳು, ಒಂದು ನಾಯಿ

ಸೂಳೆಕೆರೆ ಪಕ್ಕದ ಹಳ್ಳಿಯ ಚಿಕ್ಕಹನುಮಂತಪ್ಪ ಹದಿನೆಂಟು ವರ್ಷ ಟಿವಿಎಸ್ ಮೇಲೆ ಮೀನು ಮಾರಿದವರು. ಬೆಳಿಗ್ಗೆ ಕೆರೆಯ ಮೀನನ್ನು ಎರಡು ಕ್ರೇಟಿಗೆ ತುಂಬಿ, ಮೇಲೆ ಐಸ್ ಸುರಿದು, ಅರ್ಧ ಹೊನ್ನಾಳಿಯಲ್ಲಿ ಮಾರಿ ಉಳಿದದ್ದನ್ನು ನ್ಯಾಮತಿಗೆ ಒಯ್ಯುತ್ತಿದ್ದರು. ವಾಪಸು ಬರುವಾಗ ಕ್ರೇಟು ಖಾಲಿ. ಬೆಕ್ಕು ಸಾಗಿಸುವ ಕೆಲಸ ಅವರಿಗೆ ಅಂಟಿಕೊಂಡಿದ್ದು ಹಾಗೆ.

ನ್ಯಾಮತಿಯಲ್ಲಿ ಅಡಿಕೆ ವ್ಯಾಪಾರದ ಮನೆತನದ ಸರ್ವಮಂಗಳಮ್ಮ ಮೀನಿನ ಗಾಡಿಯನ್ನು ತಮ್ಮ ಗೇಟಿನ ಮುಂದೆ ನಿಲ್ಲಿಸಗೊಡುತ್ತಿರಲಿಲ್ಲ. ಅಂಥವರು ಒಂದು ದಿನ ಹಿತ್ತಲ ಬಾಗಿಲಲ್ಲಿ ನಿಂತು, ಮೂಗಿಗೆ ಸೆರಗು ಹಿಡಿದು, ಅವರನ್ನು ಕರೆದರು. ಅಟ್ಟದ ಮೇಲೆ ಬೆಕ್ಕು ನಾಲ್ಕು ಮರಿ ಹಾಕಿತ್ತು. ಬೆಕ್ಕನ್ನು ಕೊಂದರೆ ಕಾಶಿಗೆ ಹೋಗಿ ಚಿನ್ನದ ಬೆಕ್ಕು ದಾನ ಕೊಡಬೇಕು ಅನ್ನುವ ಭಯ ಅವರಿಗೆ. ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಕೊಟ್ಟು, ಕೆರೆ ಹತ್ತಿರ ಬಿಟ್ಟರೆ ಮೀನು ತಿಂದು ಬದುಕುತ್ತವೆ ಎಂದರು. ಚಿಕ್ಕಹನುಮಂತಪ್ಪನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅಂಥ ಮನೆಯವರು ಕರೆದು ಮಾತಾಡಿಸಿದ್ದೇ ದೊಡ್ಡದಾಗಿತ್ತು.

ಸುದ್ದಿ ಹಬ್ಬಿ ಆ ಬೀದಿಯ ಬೇರೆ ಮನೆಗಳಿಂದಲೂ ಚೀಲ ಬರತೊಡಗಿದವು. ಕೆರೆ ಏರಿಯ ಮೇಲೆ ಬಿಟ್ಟ ಮರಿಗಳಲ್ಲಿ ಹೆಚ್ಚಿನವನ್ನು ಬೀದಿನಾಯಿಗಳು ಎರಡೇ ದಿನದಲ್ಲಿ ಮುಗಿಸುತ್ತಿದ್ದವು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಕೊರೊನಾ ಕಳೆದ ಮೇಲೆ ಸರ್ವಮಂಗಳಮ್ಮನ ಮಗ ರೇಣುಕಪ್ರಸಾದ್ ತನ್ನ ಮಗಳು ಪೂಜಾಳ ಹಟಕ್ಕೆ ಲ್ಯಾಬ್ರಡಾರ್ ನಾಯಿ ತಂದ. ಹೆಸರು ಬ್ರೂನೋ. ಅದಕ್ಕೆ ಸೋಪು, ಹಾಸಿಗೆ, ತಿಂಗಳಿಗೊಮ್ಮೆ ಶಿವಮೊಗ್ಗದ ಡಾಕ್ಟರು. ಆ ವರ್ಷವೂ ಬೆಕ್ಕಿನ ಚೀಲ ಹಿತ್ತಲಿಂದಲೇ ಹೊರಬಿತ್ತು.

ಚಿಕ್ಕಹನುಮಂತಪ್ಪನ ಮಗಳು ಅಕ್ಷಿತಾ ಚನ್ನಗಿರಿಯಲ್ಲಿ ಡಿಗ್ರಿ ಓದುತ್ತಿದ್ದಳು. ಕಾಲೇಜಿನ ಚರ್ಚಾಸ್ಪರ್ಧೆಗೆ ಕೊಟ್ಟ ವಿಷಯ, ಜಗತ್ತಿಗೆ ಹೆಚ್ಚು ಪ್ರಿಯವಾದದ್ದು ನಾಯಿಯೋ ಬೆಕ್ಕೋ. ಮೊಬೈಲಿನಲ್ಲಿ ಹುಡುಕಿ ಅಪ್ಪನಿಗೆ ಓದಿ ಹೇಳಿದಳು: ಇಪ್ಪತ್ತೆರಡು ದೇಶಗಳಲ್ಲಿ ವಿಚಾರಿಸಿದಾಗ ನೂರರಲ್ಲಿ ಮೂವತ್ಮೂರು ಜನ ನಾಯಿ ಸಾಕಿದ್ದರು, ಇಪ್ಪತ್ಮೂರು ಜನ ಬೆಕ್ಕು. ಆದರೆ ರಷ್ಯಾ, ಫ್ರಾನ್ಸಿನಲ್ಲಿ ಬೆಕ್ಕೇ ಮುಂದು.

ಬಲೆ ಹೊಲಿಯುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ. "ಸಾಕಿದವನ್ನ ಎಣಿಸ್ಯಾರೆ ಸರಿ. ಬಿಟ್ಟು ಬಂದವನ್ನ ಎಣಿಸ್ಯಾರೇನವ್ವ?" ಎಂದರು.

ಅಂಥ ಲೆಕ್ಕ ಅವಳಿಗೆ ಸಿಗಲಿಲ್ಲ.

ಪೂಜಾ ದಾವಣಗೆರೆಯ ಹಾಸ್ಟೆಲಿಗೆ ಹೋದಳು. ಬ್ರೂನೋಗೆ ಚರ್ಮರೋಗ ಹತ್ತಿ ಕೂದಲು ಉದುರಿ, ಮನೆಯೆಲ್ಲ ನಾರತೊಡಗಿತು. ಒಂದು ಮಧ್ಯಾಹ್ನ ಸರ್ವಮಂಗಳಮ್ಮ ಹಿತ್ತಲಲ್ಲಿ ನಾಯಿಯ ಹಗ್ಗವನ್ನೇ ಚಿಕ್ಕಹನುಮಂತಪ್ಪನ ಕೈಗೆ ಕೊಟ್ಟರು. ಮಗ ಹೇಳಿದ್ದಾನೆ, ಕೆರೆ ಕಡೆ ಬಿಟ್ಟುಬಾ ಎಂದರು.

ಅವರು ಅದನ್ನು ಖಾಲಿ ಕ್ರೇಟಿನಲ್ಲಿ ಕೂರಿಸಿ ಒಯ್ದು ಏರಿಯ ಮೇಲೆ ಬಿಟ್ಟರು ಕೂಡ. ಆದರೆ ನಾಯಿ ಏರಿಯ ಉದ್ದಕ್ಕೂ ಏದುಸಿರು ಬಿಡುತ್ತ ಗಾಡಿಯ ಹಿಂದೆ ಓಡಿ ಬಂತು. ಇಷ್ಟು ವರ್ಷ ಚೀಲದ ಬಾಯಿ ಬಿಚ್ಚಿಟ್ಟು ತಿರುಗಿ ಹೊರಡುತ್ತಿದ್ದ ಅವರು ಒಳಗಿನ ಮುಖ ನೋಡಿರಲಿಲ್ಲ. ಗಾಡಿ ನಿಲ್ಲಿಸಿ ಅದನ್ನು ಮನೆಗೆ ಕರೆತಂದರು. ಅಕ್ಷಿತಾ ಬೇವಿನೆಣ್ಣೆ ಹಚ್ಚಿದಳು, ಮೀನಿನ ತಲೆ ಬೇಯಿಸಿ ಹಾಕಿದಳು. ಮೂರು ತಿಂಗಳಲ್ಲಿ ಕೂದಲು ಬಂತು.

ರಜೆಗೆ ಬಂದ ಪೂಜಾ ನಾಯಿ ಎಲ್ಲಿ ಎಂದಾಗ, ತಪ್ಪಿಸಿಕೊಂಡು ಹೋಯಿತು ಎಂದರು ಮನೆಯವರು. ಹುಡುಗಿ ನಾಯಿಯ ಫೋಟೋವನ್ನು ಊರೂರ ವಾಟ್ಸಾಪ್ ಗುಂಪುಗಳಿಗೆ ಹಾಕಿದಳು. ಮೀನುಗಾರರ ಮನೆಯಲ್ಲಿದೆ ಎಂದು ಯಾರೋ ತಿಳಿಸಿದರು.

ಮಾರನೇ ದಿನವೇ ಚಿಕ್ಕಹನುಮಂತಪ್ಪನ ಮನೆ ಮುಂದೆ ಅವರ ಕಾರು ಬಂತು. ನಾಯಿ ಪೂಜಾಳ ಮೈಮೇಲೆ ಹಾರಿತು. ಅವಳು ಅಳುತ್ತ ಅದನ್ನು ತಬ್ಬಿಕೊಂಡಳು. ಸುತ್ತ ಜನ ಸೇರಿದ್ದರು. ರೇಣುಕಪ್ರಸಾದ್ ಎಲ್ಲರಿಗೂ ಕೇಳುವಂತೆ, "ನಾಯಿ ಸಿಕ್ತಲ್ಲ, ಸಾಕು. ಪಾಪ, ಬಡವ. ಕಂಪ್ಲೇಂಟ್ ಏನೂ ಕೊಡಲ್ಲ" ಎಂದ.

ನಿಮ್ಮ ತಾಯಿಯೇ ಕೊಟ್ಟದ್ದು ಎಂದರು ಚಿಕ್ಕಹನುಮಂತಪ್ಪ. ಅಮ್ಮ ಹಾಗೆ ಹೇಳಿಲ್ಲವಲ್ಲ ಎಂದು ರೇಣುಕಪ್ರಸಾದ್ ಕಾರು ಹತ್ತಿದ. ಪೂಜಾ ಕಿಟಕಿಯಿಂದ ನೋಡಿದ ನೋಟವನ್ನು ಅಕ್ಷಿತಾ ಇವತ್ತಿಗೂ ಮರೆತಿಲ್ಲ.

ಮರುದಿನ ನ್ಯಾಮತಿಯಲ್ಲಿ ಮೀನು ಮಾರುವ ಮೊದಲೇ ಚಿಕ್ಕಹನುಮಂತಪ್ಪ ಆ ಹಿತ್ತಲ ಬಾಗಿಲು ತಟ್ಟಿದರು. ಸರ್ವಮಂಗಳಮ್ಮ ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿದರು.

"ಮಗೀಗೆ ನಿಜ ಹೆಂಗೆ ಹೇಳಾದಪ್ಪ? ಗೊತ್ತಾದ್ರೆ ಅವಳು ಅಪ್ಪನ ಮುಖ ನೋಡಲ್ಲ. ನಿನಗೇನು, ಒಂದು ಮಾತು ತಾನೆ. ಸಹಿಸ್ಕೋ."

"ಈ ಬಾಗಿಲಿಂದ ಮೂವತ್ತು ಬೆಕ್ಕಾದ್ರೂ ಒಯ್ದೀನಿ ಅಮ್ಮಾರೆ. ಒಂದನ್ನೂ ಯಾರೂ ಹುಡುಕ್ಕಂಡು ಬರಲಿಲ್ಲ. ಅದಕ್ಕೇ ನಾನು ಇಷ್ಟು ವರ್ಷ ಕಳ್ಳ ಆಗಿರಲಿಲ್ಲ."

ಸರ್ವಮಂಗಳಮ್ಮ ಬಾಗಿಲು ಹಾಕಿಕೊಂಡರು.

ಅಕ್ಷಿತಾ ನಡೆದದ್ದನ್ನೆಲ್ಲ ಪೂಜಾ ಫೋಟೋ ಹಾಕಿದ್ದ ಒಂದು ವಾಟ್ಸಾಪ್ ಗುಂಪಿನಲ್ಲಿ ಬರೆದಳು. ಹತ್ತು ನಿಮಿಷದಲ್ಲಿ ಅವಳನ್ನು ಗುಂಪಿನಿಂದ ತೆಗೆದುಹಾಕಿದರು. ನ್ಯಾಮತಿಯ ಖಾಯಂ ಗಿರಾಕಿಗಳು ಮೀನು ತೂಗಿಸುವಾಗ, ಇವತ್ತು ನಾಯಿ ಏನಾದ್ರೂ ಐತೇನಪ್ಪ ಎಂದು ಕೇಳಿ ನಗುತ್ತಿದ್ದರು. ಚಿಕ್ಕಹನುಮಂತಪ್ಪ ಎರಡು ವಾರ ತಾವೂ ನಕ್ಕರು. ಮೂರನೇ ವಾರದಿಂದ ಅವರ ಗಾಡಿ ಹೊನ್ನಾಳಿ ದಾಟಲಿಲ್ಲ.