ಗುರುಸಿದ್ದಮ್ಮ ಬರೆದ ಇಂಗ್ಲಿಷ್ ಪದ್ಯದ ಉತ್ತರ

ಗುರುಸಿದ್ದಮ್ಮನ ಮುತ್ತಾತ ವೀರಭದ್ರಪ್ಪ ಮಾದಾಪುರದ ಗದ್ದೆಗೆ ಇಳಿದ ಆನೆಯನ್ನು ತಗಡು ಬಡಿದು ಮೂರು ಸಲ ಹಿಮ್ಮೆಟ್ಟಿಸಿದವರು. ಆನೆ ಹೇಗೂ ಹೊಟ್ಟೆ ತುಂಬಿ ಹೊರಟಿತ್ತು ಎನ್ನುವವರೂ ಊರಿನಲ್ಲಿದ್ದರು. ಅಪ್ಪ ಶಾಂತಪ್ಪ ಎಂಬತ್ತರ ವಯಸ್ಸಿನವರೆಗೂ ತೋಟದ ಸಿಲ್ವರ್ ಮರ ಹತ್ತಿ ಅದಕ್ಕೆ ಹಬ್ಬಿದ ಕಾಳುಮೆಣಸು ಕೊಯ್ದು, ಕೊನೆಗೆ ಮಂಚದಿಂದ ಬಿದ್ದು ಕಾಲು ಮುರಿದುಕೊಂಡವರು. ಇಂಥ ಮನೆತನದಲ್ಲಿ ಹುಟ್ಟಿ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅರವತ್ತೆರಡರಲ್ಲಿ ಇಂಗ್ಲಿಷ್ ಪದ್ಯಗಳ ಬೆನ್ನು ಹತ್ತಿದಾಗ ಊರಿಗೆ ಅಚ್ಚರಿಯೇನೂ ಆಗಲಿಲ್ಲ.

ಆಕೆಗೆ ಇಂಗ್ಲಿಷ್ ಛಂದಸ್ಸು ಕಲಿಸಿದ್ದು ಕಾಫಿ ಕಣ. ಒಣಹಾಕಿದ ಹಣ್ಣಿನ ನಡುವೆ ಕಾಲೆಳೆದು ಸಾಲು ಬಿಡಿಸುವಾಗ ಒಂದು ಹೆಜ್ಜೆ ಹಗುರ, ಮರುಹೆಜ್ಜೆ ಭಾರ. ಹಾಗೆ ಐದು ಜೋಡಿ ನಡೆದರೆ ಪದ್ಯದ ಒಂದು ಸಾಲು ಮುಗಿಯಿತು, ತಿರುಗಿದರೆ ಮುಂದಿನದು. ಪ್ರಾಸದ ಮೇಲೆ ಮಾತ್ರ ಬಹಳ ದಿನ ಬೇಜಾರಿತ್ತು. ನಮ್ಮವರು ಸಾಲಿನ ತಲೆಯ ಹತ್ತಿರ ಇಟ್ಟದ್ದನ್ನು ಈ ಜನ ಬಾಲಕ್ಕೆ ಕಟ್ಟಿದ್ದಾರಲ್ಲ ಎಂದು.

ಮುಕ್ತ ವಿಶ್ವವಿದ್ಯಾಲಯಕ್ಕೆ ಮನೆಯಲ್ಲೇ ಓದಿ ಕಟ್ಟಿದ ಬಿ.ಎ.ಯಲ್ಲಿ ಉಳಿದದ್ದೆಲ್ಲ ಪಾಸು, ಇಂಗ್ಲಿಷ್ ಎರಡು ಸಲ ಫೇಲು. ಎರಡು ಸಲವೂ ಒಂದೇ ಪದ್ಯದಿಂದ. ಹೆಂಡತಿ ಸತ್ತವನೊಬ್ಬ ಕಿಟಕಿಯಲ್ಲಿ ನಿಂತಿದ್ದಾನೆ. ಹೊರಗೆ ವಸಂತದ ಮಳೆ, ಗಿಡದ ತುಂಬ ಬಿಳಿ ಮೊಗ್ಗು. ಮಳೆ ಯಾವುದರ ಸಂಕೇತ? ಆಕೆ ಬರೆದದ್ದು: ಸಂತೋಷ. ಮೂರನೆಯದೇ ಕೊನೆಯ ಅವಕಾಶ. ಮಡಿಕೇರಿಯ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುವ ಸೊಸೆ ಕುಸುಮಾ ಪರೀಕ್ಷೆಯ ಹಿಂದಿನ ದಿನ ಉತ್ತರದ ಹಾಳೆಯನ್ನೇ ಬರೆದು ತಂದಳು.

"ಅತ್ತೆ, ಮಳೆ ಅಂದ್ರೆ ಕಣ್ಣೀರು. ಬಿಳಿ ಮೊಗ್ಗು ಅಂದ್ರೆ ಹೆಣದ ಬಟ್ಟೆ. ಎರಡೇ ಸಾಲು, ಬಾಯಿಪಾಠ ಮಾಡ್ಕೊಳ್ಳಿ."

"ಮೊಗ್ಗಿನ್ ಮೇಲೆ ಮಾರ್ಚ್ ಮಳೆ ಬಿದ್ರೆ ಯಾರಾದ್ರೂ ಬರೀ ಅಳ್ತಾರೇನೇ? ಎಂಟೊಂಬತ್ತು ದಿನಕ್ಕೆ ತೋಟ ಎಲ್ಲ ಹೂವು!"

"ಅದು ಕಾಫಿ ಅಲ್ಲ ಅತ್ತೆ, ಇಂಗ್ಲೆಂಡು."

"ಇಂಗ್ಲೆಂಡಲ್ಲಿ ಮೊಗ್ಗಿಗೆ ನೀರು ಬೇಡ್ವಾ?"

"ಅಯ್ಯೋ, ಅವನ ಹೆಂಡ್ತಿ ಸತ್ತಿದ್ದಾಳೆ!"

ಗುರುಸಿದ್ದಮ್ಮ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಹನ್ನೊಂದು ವರ್ಷದ ಹಿಂದೆ ಗಂಡ ನಂಜುಂಡಪ್ಪನನ್ನು ಮಣ್ಣು ಮಾಡುವ ಹೊತ್ತಿಗೇ ಕಾಫಿ ಹೂ ಅರಳಿಸುವ ಆ ವರ್ಷದ ಮೊದಲ ಮಳೆ ಹೊಡೆದಿತ್ತು. ಹೆಣ ಹೊತ್ತವರೆಲ್ಲ ಮುಖ ಇಳಿಬಿಟ್ಟುಕೊಂಡೇ ಒಳಗೊಳಗೆ ಹಿಗ್ಗಿದ್ದರು. ಆಕೆಯೂ ಹಿಗ್ಗಿದ್ದಳು, ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಹಾಳೆಯನ್ನು ನಾಲ್ಕಾಗಿ ಮಡಿಸಿ ಸೊಸೆಯ ಬ್ಯಾಗಿಗೆ ತುರುಕಿದಳು.

"ಇದ್ನ ನಿನ್ ಕಾಲೇಜ್ ಹುಡುಗ್ರಿಗೆ ಕೊಡವ್ವ, ಪಾಸಾಗ್ಲಿ. ನಿಮ್ಮಾವನ್ನ ಮಣ್ ಮಾಡಿದ್ ದಿನ ಮಳೆ ಬಂತಲ್ಲ, ನಾನು ಅಳ್ತಾನೂ ಇದ್ದೆ, ಹೂವಾಯ್ತದೆ ಅಂತ ಖುಷೀನೂ ಪಟ್ಟೆ. ಅವ್ನೂ ಹಂಗೇ ನಿಂತವ್ನೆ ಆ ಕಿಟ್ಕೀಲಿ. ಗೊತ್ತಿದ್ದೂ ಸುಳ್ ಬರೀಲಾ? ಫೇಲಾದ್ರೆ ಆಯ್ತೀನಿ. ನೀನೇನೂ ಹೇಳ್ಕೊಡ್ಬೇಡ."