ಪೂರ್ವಕ್ಕೆ ಉಕ್ಕಿದ ಹಾಲು

ಎಂಬತ್ತರ ದಶಕದ ಶುರುವಿನಲ್ಲಿ ಜಯನಗರದ ಓನರುಗಳಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕುಸಾಕಾಗಿತ್ತು. ಒಬ್ಬರಿಗೆ ನಾವು ಏನು ಬೇಯಿಸ್ತೀವಿ ಅನ್ನೋದು ಬೇಕು, ಇನ್ನೊಬ್ಬರಿಗೆ ಊರಿಂದ ಎಷ್ಟು ಜನ ಬರ್ತಾರೆ ಅನ್ನೋದು. ಟು-ಲೆಟ್ ಬೋರ್ಡು ಕಂಡರೇ ಮೈ ಉರಿಯೋದು. ಇದ್ದ ಮನೆಯವರು ಮಗನ ಮದುವೆ, ಬಿಟ್ಟುಕೊಡಿ ಅಂದಿದ್ದರು. ಇನ್ನೇನು ಆಷಾಢ, ಬಂತೆಂದರೆ ಹೊಸ ಮನೆಯಲ್ಲಿ ಹಾಲು ಉಕ್ಕಿಸೋ ಹಾಗಿಲ್ಲ. ಆಮೇಲೆ ನಾನು ತವರಿಗೆ, ನಮ್ಮೆಜಮಾನರು ಮಡಿವಾಳದ ಯಾವುದೋ ಲಾಡ್ಜಿಗೆ. ಅದನ್ನೂ ಅವರು ನಗುತ್ತಲೇ ಹೇಳಿದರು, ನನಗೆ ಕೋಪ ನೆತ್ತಿಗೇರಿತು. ಅವರನ್ನು ಬಿಟ್ಟು ಇರೋದು ನನ್ನಿಂದ ಆಗೋ ಮಾತಾಗಿರಲಿಲ್ಲ.

ಹಾಗೆ ಹುಡುಕುತ್ತಾ ಜರಗನಹಳ್ಳಿಯಲ್ಲಿ ಬಸ್ಸಿಳಿದೆವು. ವ್ಯವಸಾಯ ಬಿಟ್ಟ ಹಿರಿಯರೊಬ್ಬರು ತಮ್ಮ ಹಳೇ ಮನೆ ಪಕ್ಕ ಬಾಡಿಗೆಗೆ ಅಂತ ಒಂದು ಮನೆ ಕಟ್ಟಿಸಿದ್ದರು. ಹಿಂಬಾಗಿಲು ತೆರೆದರೆ ಅವರ ಕೊಟ್ಟಿಗೆ. ಕರು ಮೂತಿ ಚಾಚಿತು, ನಾನು ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರುತ್ತಾ ನಿಂತುಬಿಟ್ಟೆ. ಮನೆ ಬಹಳ ಹಿಡಿಸಿತ್ತು.

ಹಿರಿಯರು ಅಡ್ವಾನ್ಸ್ ಮಾತೇ ಎತ್ತಲಿಲ್ಲ. "ಈಗ್ಲೇ ಹಾಲು ಉಕ್ಕಿಸಮ್ಮ. ಪೂರ್ವಕ್ಕೆ ಉಕ್ಕಿದ್ರೆ ಮನೆ ನಿಮ್ದು. ಹೋದ ವಾರ ಬಂದೋರಿಗೆ ಪಶ್ಚಿಮಕ್ಕೆ ಉಕ್ತು, ವಾಪಸ್ ಕಳಿಸ್ದೆ" ಅಂದರು.

ಅವರ ಹೆಂಡತಿಯೇ ಸೀಮೆಎಣ್ಣೆ ಸ್ಟೌ ತಂದು ಅಡಿಗೆಮನೆ ನೆಲದ ಮೇಲಿಟ್ಟು ಹತ್ತಿಸಿದರು, ಪಾತ್ರೆಗೆ ಹಾಲು ಸುರಿದರು. ಹಾಲು ಬಿಸಿಯಾಗುತ್ತಾ ಬಂದ ಹಾಗೆ ನಮ್ಮೆಜಮಾನರ ನಗು ಎಲ್ಲಿ ಹೋಯ್ತೋ. ನನಗಂತೂ ಇಷ್ಟು ಅಲೆದದ್ದೆಲ್ಲ ಕೊನೆಗೆ ಒಂದು ಪಾತ್ರೆ ಹಾಲಿನ ಕೈಗೆ ಸಿಕ್ಕಿತಲ್ಲ ಅಂತ ಅಳುವೇ ಬಂತು. ಹಾಲು ಬುಸುಬುಸು ಎದ್ದು, ಪೂರ್ವದ ಅಂಚಿಂದಲೇ ಇಳಿಯಿತು. ಹಿರಿಯರು ಕೈ ಮುಗಿದು, ನನಗೆ ಬೀಗದ ಕೈ ಕೊಟ್ಟು, ಇವರನ್ನು ಕರೆದುಕೊಂಡು ಜಗಲಿಗೆ ಹೋದರು.

ಉರಿ ಆರಿಸಿ, ಚೆಲ್ಲಿದ್ದನ್ನು ಒರೆಸೋಣ ಅಂತ ಸ್ಟೌ ಎತ್ತಿದೆ. ಪಶ್ಚಿಮದ ಕಾಲಿನಡಿ ಒಂದು ಹೆಂಚಿನ ಚೂರು. ತಲೆಯೆತ್ತಿ, ಅಲ್ಲೇ ನಿಂತಿದ್ದ ಹಿರಿಯರ ಹೆಂಡತಿಯನ್ನು ನೋಡಿದೆ.

"ಬಂದೋಳೇ ಕರು ಮೈ ಸವರಿದ್ಯಲ್ಲವ್ವ, ಆಗ್ಲೇ ಮನೆ ನಿಂದಾಯ್ತು" ಅಂದರು, ದನಿ ತಗ್ಗಿಸಿ.

"ಹೋದ ವಾರದೋರು?"

"ಕೊಟ್ಟಿಗೆ ನೋಡಿ ಮೂಗು ಮುಚ್ಕೊಂಡ್ರು. ಚೂರನ್ನ ಪೂರ್ವದ ಕಾಲಿಗಿಟ್ಟೆ."

ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಅಷ್ಟು ಖುಷಿ ನನ್ನ ಮದುವೆ ದಿನವೂ ಆಗಿರಲಿಲ್ಲ. ಜಗಲಿಯಲ್ಲಿ ಹಿರಿಯರು ಇವರಿಗೆ, "ನಮ್ದೇನಿದೆ ಸ್ವಾಮಿ, ಎಲ್ಲಾ ಮೇಲಿನೋನು ನೋಡ್ಕೋತಾನೆ" ಅನ್ನುತ್ತಿದ್ದರು.

"ಹೌದು ಹೌದು" ಅಂತ ನಾವಿಬ್ಬರೂ ಒಳಗಿಂದಲೇ ಹೇಳಿದೆವು.